ಸ್ಮರಣೀಯತೆಯ ಮೂಲ: ಹೌಜ್ ಖಾಸ್ ಕೆರೆಯನ್ನು ಕುರಿತು ಒಂದು ವಿಚಾರ

೧

‘ಸ್ಮರಣೀಯ’ ಎಂಬ ವಿಶೇಷಣವನ್ನು ನಾವು ಬಹು ಸುಲಭವಾಗಿ ಬಳಸುತ್ತೇವೆ. ಸಭೆ ನಡೆದರೆ ಅದು ಸ್ಮರಣೀಯ ಸಭೆ. ಭಾಷಣವಾದರೆ ಸ್ಮರಣೀಯ ಭಾಷಣ. ಸಂಘವೊಂದಕ್ಕೆ ಇಪ್ಪತ್ತೈದು ವರ್ಷ ತುಂಬಿದರೆ ಹೊರಡುವ ಪುಸ್ತಕದ ಹೆಸರೇ ಸ್ಮರಣ ಸಂಚಿಕೆ. ಈ ಬಳಕೆಯ ಹಿಂದೆ ಒಂದು ನಂಬಿಕೆ ಅಡಗಿದೆ. ಸ್ಮರಣೀಯತೆಯೆಂಬುದು ವಸ್ತುವಿನಲ್ಲಿಯೇ ಇರುವ ಗುಣ. ಸಕ್ಕರೆಗೆ ಸಿಹಿಯಿದ್ದಂತೆ ದೊಡ್ಡ ಕಾರ್ಯಕ್ಕೆ ಅದು ಸಹಜವಾಗಿಯೇ ಇರುತ್ತದೆ. ಕಾರ್ಯವನ್ನು ಮಾಡಿ ಮುಗಿಸಿದರೆ ಸಾಕು, ನೆನಪು ತಾನಾಗಿಯೇ ಉಳಿಯುತ್ತದೆ ಎಂಬುದೇ ಆ ನಂಬಿಕೆ.

ಶಬ್ದದ ರಚನೆಯಾದರೋ ಬೇರೆ ಮಾತನ್ನು ಹೇಳುತ್ತದೆ. ‘ಸ್ಮೃ’ ಧಾತುವಿಗೆ ‘ಅನೀಯ’ ಪ್ರತ್ಯಯ ಸೇರಿ ಈ ಶಬ್ದ ಸಿದ್ಧವಾಗಿದೆ. ವೈಯಾಕರಣರು ಇದನ್ನು ಕೃತ್ಯ ಪ್ರತ್ಯಯಗಳಲ್ಲಿ ಎಣಿಸುತ್ತಾರೆ. ಕೃತ್ಯ ಪ್ರತ್ಯಯಗಳಿಗೆ ಯೋಗ್ಯತೆಯ ಅರ್ಥ ಉಂಟು; ವಿಧಿಯ ಅರ್ಥವೂ ಉಂಟು. ಪೂಜನೀಯನೆಂದರೆ ಪೂಜೆಗೆ ಯೋಗ್ಯನಾದವನು, ಪೂಜಿಸತಕ್ಕವನು. ಹಾಗೆಯೇ ಸ್ಮರಣೀಯವೆಂದರೆ ನೆನೆಯಲು ಯೋಗ್ಯವಾದುದು ಮಾತ್ರವಲ್ಲ, ನೆನೆಯತಕ್ಕದ್ದು. ಎಂದ ಮೇಲೆ ಈ ಶಬ್ದದ ಭಾರ ನೆನೆಯಲ್ಪಡುವ ವಸ್ತುವಿನ ಮೇಲೆ ಎಷ್ಟೋ, ನೆನೆಯುವವನ ಮೇಲೆಯೂ ಅಷ್ಟೇ ಬೀಳುತ್ತದೆ. ಮಾಡಿದವನ ಹಿರಿಮೆಯಿಂದಲೇ ಕಾರ್ಯವು ನೆನಪಿನಲ್ಲಿ ನಿಲ್ಲುವುದೋ, ಅಥವಾ ಅನಂತರ ಬಂದವರ ಪಾಲನೆಯಿಂದ ನಿಲ್ಲುವುದೋ ಎಂಬುದು ಪ್ರಕೃತ ಲೇಖನದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ದಿಲ್ಲಿಯಲ್ಲಿ ನೆಲೆಸಿರುವ ನಾವು ದೂರ ಹೋಗಬೇಕಾದುದಿಲ್ಲ. ನಗರದ ದಕ್ಷಿಣ ಭಾಗದಲ್ಲಿ ನಮ್ಮಲ್ಲಿ ಹಲವರು ದಿನವೂ ಹಾದುಹೋಗುವ ಹೌಜ್ ಖಾಸಿನ ಕೆರೆಯೇ ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

೨

‘ಹೌಜ್’ ಎಂದರೆ ಕೊಳ, ಕೆರೆ. ‘ಖಾಸ್’ ಎಂದರೆ ವಿಶೇಷವಾದುದು, ಅರಸನಿಗೆ ಸೇರಿದುದು. ಕನ್ನಡದಲ್ಲಿ ಹೇಳುವುದಾದರೆ ಇದು ಅರಸುಗೆರೆ. ೧೨೯೬ರಿಂದ ೧೩೧೬ರವರೆಗೆ ಆಳಿದ ಅಲ್ಲಾವುದ್ದೀನ್ ಖಿಲ್ಜಿಯು ತಾನು ಕಟ್ಟಿಸಿದ ಸಿರಿ ನಗರದ ಜನರಿಗೆ ನೀರೊದಗಿಸಲು ಇದನ್ನು ತೋಡಿಸಿದನು. ಆಗ ಇದರ ಹೆಸರು ‘ಹೌಜ್-ಎ-ಅಲಾಯಿ’, ಅಂದರೆ ಅಲ್ಲಾವುದ್ದೀನನ ಕೆರೆ. ಇದರ ಉದ್ದಗಲಗಳು ಸುಮಾರು ೭೦೦ ಮತ್ತು ೬೦೦ ಮೀಟರುಗಳಷ್ಟಿದ್ದುವೆಂದು ಅಂದಾಜು ಮಾಡಲಾಗಿದೆ. ಇಂದು ನಾವು ಕಾಣುವ ನೀರು ಅದರ ಒಂದು ಮೂಲೆಯಷ್ಟೇ.

ಈ ಅರಸನ ಹೆಸರು ಕನ್ನಡಿಗರಿಗೆ ಹೊಸದಲ್ಲ. ಇವನ ದಂಡನಾಯಕ ಮಲ್ಲಿಕ್ ಕಾಫೂರನೇ ೧೩೧೧ರಲ್ಲಿ ಹೊಯ್ಸಳರ ದ್ವಾರಸಮುದ್ರದ ಮೇಲೆ ದಂಡೆತ್ತಿ ಬಂದವನು. ಮೂರನೆಯ ವೀರಬಲ್ಲಾಳನು ಸಂಧಿ ಮಾಡಿಕೊಂಡು ಅಪಾರ ಧನವನ್ನೂ ಆನೆ ಕುದುರೆಗಳನ್ನೂ ಒಪ್ಪಿಸಬೇಕಾಯಿತು. ಅವನ ಮಗ ವಿರೂಪಾಕ್ಷಬಲ್ಲಾಳನು ದಿಲ್ಲಿಗೆ ಹೋಗಿ ೧೩೧೩ರಲ್ಲಿ ಹಿಂದಿರುಗಿದ ಸಂಗತಿ ಶಾಸನದಿಂದ ತಿಳಿದುಬರುತ್ತದೆ. ಆ ರಾಜಕುಮಾರನು ಕಂಡ ರಾಜಧಾನಿ ಅಲ್ಲಾವುದ್ದೀನನ ದಿಲ್ಲಿ. ಅದರ ನೀರಿನಾಸರೆಗಳಲ್ಲಿ ಈ ಕೆರೆಯೂ ಒಂದು.

ಇಷ್ಟು ದೊಡ್ಡ ಅರಸನು ಮಾಡಿಸಿದ ಇಷ್ಟು ದೊಡ್ಡ ಕಾರ್ಯದ ಗತಿ ಏನಾಯಿತೆಂಬುದನ್ನು ಗಮನಿಸೋಣ. ಅಲ್ಲಾವುದ್ದೀನನು ಸತ್ತು ಎರಡು ದಶಕಗಳು ಕಳೆಯುವ ಹೊತ್ತಿಗೆ ದಿಲ್ಲಿಗೆ ಬಂದ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತನು ಈ ಕೆರೆಯನ್ನು ವರ್ಣಿಸಿದ್ದಾನೆ. ಇದು ಸುಲ್ತಾನ ಶಂಸುದ್ದೀನನ ಕೆರೆಗಿಂತ ದೊಡ್ಡದು, ಇದರ ದಡಗಳಲ್ಲಿ ಸುಮಾರು ನಲವತ್ತು ಗುಮ್ಮಟಗಳಿವೆ, ಸುತ್ತಲೂ ಗಾಯಕರು ವಾಸಿಸುತ್ತಾರೆ, ಅವರಿಗೆ ದೊಡ್ಡದೊಂದು ಪೇಟೆಯೂ ಮಸೀದಿಗಳೂ ಇವೆ ಎಂದು ಅವನ ಬರಹದ ತಾತ್ಪರ್ಯ. ಆದರೆ ಅವನು ಹೇಳುವ ಹೆಸರು ‘ಹೌಜ್ ಖಾಸ್’. ಅಷ್ಟರಲ್ಲಿಯೇ ‘ಅಲಾಯಿ’ ಎಂಬುದು ಜನರ ಬಾಯಿಂದ ಜಾರತೊಡಗಿತ್ತು. ಅರಸನಿಗೆ ಸೇರಿದ್ದೆಂಬ ಮಾತು ಉಳಿಯಿತು. ಯಾವ ಅರಸನಿಗೆ ಎಂಬುದು ಉಳಿಯಲಿಲ್ಲ.

ಹೆಸರು ಹೋದ ಮೇಲೆ ನೀರೂ ಹೋಯಿತು. ೧೩೫೧ರಲ್ಲಿ ಪಟ್ಟಕ್ಕೆ ಬಂದ ಫಿರೋಜ್ ಷಾ ತುಘಲಕನು ‘ಫುತೂಹಾತ್-ಎ-ಫಿರೋಜ್ ಷಾಹಿ’ ಎಂಬ ಕಿರುಗ್ರಂಥದಲ್ಲಿ ತನ್ನ ಆಳ್ವಿಕೆಯ ಕಾರ್ಯಗಳನ್ನು ತಾನೇ ನಿರೂಪಿಸಿದ್ದಾನೆ. ಅದರಿಂದ ತಿಳಿಯುವ ಸಂಗತಿಯಿದು: ಅಲ್ಲಾವುದ್ದೀನನ ಕೆರೆಯು ಹೂಳು ತುಂಬಿ ಬತ್ತಿಹೋಗಿತ್ತು; ಜನರು ಅದರ ಅಂಗಳದಲ್ಲಿ ಬೇಸಾಯ ಮಾಡುತ್ತಿದ್ದರು; ಬಾವಿಗಳನ್ನು ತೋಡಿ ಅವುಗಳ ನೀರನ್ನು ಮಾರುತ್ತಿದ್ದರು. ಸಾರ್ವಜನಿಕರ ಕೆರೆಯ ಒಡಲಿನಲ್ಲಿಯೇ ನೀರು ಮಾರಾಟದ ಸರಕಾಯಿತೆಂದರೆ ಮರೆವು ಎಷ್ಟು ಬೇಗ ಕೆಲಸ ಮಾಡುತ್ತದೆಂಬುದು ಸ್ಪಷ್ಟವಾಗುತ್ತದೆ. ಫಿರೋಜನು ಹೂಳು ತೆಗೆಸಿ, ವರ್ಷವರ್ಷವೂ ನೀರು ತುಂಬುವಂತೆ ಮಾಡಿದನು. ೧೩೫೨ರಲ್ಲಿ ಕೆರೆಯ ಆಗ್ನೇಯ ಮೂಲೆಯಲ್ಲಿ ವಿದ್ಯಾಪೀಠವೊಂದನ್ನು ಕಟ್ಟಿಸತೊಡಗಿದನು. ಎರಡು ತೋಳುಗಳಾಗಿ ದಡವನ್ನು ಬಳಸಿ ನಿಂತ ಆ ಮದರಸಾದ ಸಾಲುಗಳೂ, ಅವು ಕೂಡುವ ಮೂಲೆಯಲ್ಲಿ ಅವನ ಸ್ವಂತ ಗೋರಿಯೂ ಇಂದಿಗೂ ನಿಂತಿವೆ. ಅಲ್ಲಿಯ ಪ್ರಮುಖ ಆಚಾರ್ಯನಾಗಿದ್ದ ಸಯ್ಯದ್ ಯೂಸುಫ್ ಬಿನ್ ಜಮಾಲ್ ಹುಸೈನಿಯೂ ೧೩೮೮ರಲ್ಲಿ ತೀರಿಕೊಂಡು ಆ ಆವರಣದಲ್ಲಿಯೇ ಸಮಾಧಿಸ್ಥನಾದನು. ಫಿರೋಜನು ಮರಣಹೊಂದಿದುದೂ ಅದೇ ವರ್ಷ.

ಹತ್ತು ವರ್ಷಗಳ ಅನಂತರ, ೧೩೯೮ರ ಡಿಸೆಂಬರಿನಲ್ಲಿ, ತೈಮೂರನು ದಿಲ್ಲಿಯ ಸೈನ್ಯವನ್ನು ಸೋಲಿಸಿ ಈ ಕೆರೆಯ ದಡದಲ್ಲಿ ಡೇರೆ ಹೊಡೆದನು. ಅವನ ಹೆಸರಿನಲ್ಲಿ ಪ್ರಚಲಿತವಾಗಿರುವ ಆತ್ಮಕಥನದ ಪ್ರಾಮಾಣ್ಯವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೂ ಅದರಲ್ಲಿಯ ಒಂದು ಮಾತು ನಮ್ಮ ವಿಚಾರಕ್ಕೆ ಮುಖ್ಯವಾದುದು. ಕೆರೆಯ ಒಂದೊಂದು ಮಗ್ಗುಲೂ ಬಾಣ ಎಸೆಯುವ ದೂರಕ್ಕಿಂತ ಹೆಚ್ಚಾಗಿತ್ತು, ಮಳೆಗಾಲದಲ್ಲಿ ತುಂಬಿದ ನೀರು ಊರಿಗೆ ವರ್ಷವಿಡೀ ಸಾಲುತ್ತಿತ್ತು ಎಂದು ಹೇಳಿ, ಆ ಗ್ರಂಥವು ಕೆರೆಯನ್ನು ಕಟ್ಟಿಸಿದ ಕೀರ್ತಿಯನ್ನು ಫಿರೋಜ್ ಷಹನಿಗೇ ಕೊಟ್ಟಿದೆ. ತೋಡಿಸಿದವನು ಅಲ್ಲಾವುದ್ದೀನ್, ಹೂಳೆತ್ತಿಸಿದವನು ಫಿರೋಜ್. ಒಂದು ಶತಮಾನ ತುಂಬುವುದರೊಳಗೆ, ಪರದೇಶದಿಂದ ಬಂದ ಶತ್ರುವಿನ ಕಿವಿಗೆ ಬಿದ್ದ ಹೆಸರು ಹೂಳೆತ್ತಿಸಿದವನದು.

ಇದನ್ನು ಕೇವಲ ತಪ್ಪುಗ್ರಹಿಕೆಯೆಂದು ಬದಿಗಿಡುವುದು ಸುಲಭ. ಆದರೆ ಫಿರೋಜನು ಅಲ್ಲಾವುದ್ದೀನನ ಹೆಸರನ್ನು ಅಳಿಸಲು ಪ್ರಯತ್ನಿಸಲಿಲ್ಲ. ತನ್ನ ಗ್ರಂಥದಲ್ಲಿ ಕೆರೆಯನ್ನು ಹಳೆಯ ಹೆಸರಿನಿಂದಲೇ ಕರೆದಿದ್ದಾನೆ. ಹಿಂದಿನ ಅರಸರ ಕಟ್ಟಡಗಳ ಜೀರ್ಣೋದ್ಧಾರಕ್ಕೆ ತನ್ನ ಸ್ವಂತ ಕಟ್ಟಡಗಳಿಗಿಂತ ಮೊದಲ ಸ್ಥಾನ ಕೊಟ್ಟೆನೆಂದು ಹೇಳಿಕೊಂಡು, ಕುತುಬ್ ಮಿನಾರು, ಹೌಜ್-ಎ-ಶಂಸಿ, ಅಲ್ಲಾವುದ್ದೀನನ ಗೋರಿ ಮೊದಲಾದುವುಗಳನ್ನು ಒಂದೊಂದಾಗಿ ಪಟ್ಟಿಮಾಡಿದ್ದಾನೆ. ಅಲ್ಲಾವುದ್ದೀನನೇ ಈ ಕೆರೆಯ ಕರ್ತೃವೆಂಬುದಕ್ಕೆ ಇಂದು ನಮಗಿರುವ ಮುಖ್ಯ ಆಧಾರಗಳಲ್ಲಿ ಫಿರೋಜನ ಈ ಮಾತೂ ಒಂದು. ಪಾಲಿಸಿದವನು ತನಗಾಗಿ ಕೀರ್ತಿಯನ್ನು ಗಳಿಸಿದನು. ಅದರೊಡನೆ ಕರ್ತೃವಿನ ನೆನಪನ್ನೂ ಉಳಿಸಿದನು.

೩

ವಸ್ತುವೊಂದು ಏಕೆ ಸ್ಮರಣೀಯವಾಗುತ್ತದೆಂದು ಕೇಳಿದರೆ ಸಾಮಾನ್ಯವಾಗಿ ಮೂರು ಉತ್ತರಗಳು ಬರುತ್ತವೆ. ಗಾತ್ರ, ಭೀಕರತೆ, ಬರವಣಿಗೆ. ಹೌಜ್ ಖಾಸಿನ ಪರಿಸರದಲ್ಲಿಯೇ ಇವುಗಳನ್ನು ಒಂದೊಂದಾಗಿ ಪರೀಕ್ಷಿಸಬಹುದು.

ಗಾತ್ರದ ವಿಷಯವನ್ನು ಈಗಾಗಲೇ ನೋಡಿದ್ದೇವೆ. ನೂರಕ್ಕೂ ಹೆಚ್ಚು ಎಕರೆಗಳ ಕೆರೆ ಅರ್ಧ ಶತಮಾನದಲ್ಲಿ ಹೊಲವಾಗಿ ಹೋಯಿತು.

ಭೀಕರತೆಯು ನೆನಪಿನಲ್ಲಿ ನಿಲ್ಲುತ್ತದೆಂಬುದು ನಿಜ. ಇಲ್ಲಿಯೇ ಹತ್ತಿರದಲ್ಲಿ ಚೋರ್ ಮಿನಾರೆಂಬ ಗೋಪುರವಿದೆ. ಅದರ ಗೋಡೆಯಲ್ಲಿ ಇನ್ನೂರಕ್ಕೂ ಮಿಕ್ಕಿ ರಂಧ್ರಗಳಿವೆ. ಕಳ್ಳರ ರುಂಡಗಳನ್ನು ಅವುಗಳಲ್ಲಿ ಸಿಕ್ಕಿಸಿ ಪ್ರದರ್ಶಿಸುತ್ತಿದ್ದರೆಂದು ಒಂದು ಐತಿಹ್ಯ. ಮಂಗೋಲರ ರುಂಡಗಳೆಂದು ಇನ್ನೊಂದು. ಕೇಳಿದವರು ಮರೆಯುವುದಿಲ್ಲ. ಆದರೆ ಆ ನೆನಪಿನಲ್ಲಿ ಸತ್ತವನೊಬ್ಬನ ಹೆಸರೂ ಇಲ್ಲ, ಕಟ್ಟಿಸಿದವನ ಹೆಸರೂ ಇಲ್ಲ. ಉಳಿದಿರುವುದು ಮೈನವಿರೇಳಿಸುವ ಒಂದು ಚಿತ್ರ ಮಾತ್ರ. ಇದು ಬೆರಗು, ಚರಿತ್ರೆಯಲ್ಲ.

ಇದಕ್ಕಿಂತ ಸ್ವಾರಸ್ಯವಾದುದು ಸಮೀಪದಲ್ಲಿಯೇ ಇರುವ ಎರಡು ಗೋರಿಗಳ ಸಂಗತಿ. ಜನರು ದೊಡ್ಡದನ್ನು ‘ದಾದಿ’ ಎಂದೂ ಚಿಕ್ಕದನ್ನು ‘ಪೋತಿ’ ಎಂದೂ, ಅಂದರೆ ಅಜ್ಜಿ ಮೊಮ್ಮಗಳೆಂದು, ಕರೆಯುತ್ತಾರೆ. ಒಳಗೆ ಮಲಗಿರುವವರು ಯಾರೆಂಬುದು ತಿಳಿದಿಲ್ಲ. ಶಿಲ್ಪಲಕ್ಷಣಗಳನ್ನು ನೋಡಿದ ಪುರಾತತ್ತ್ವಜ್ಞರು ದೊಡ್ಡದು ಲೋದಿಗಳ ಕಾಲದ್ದೆಂದೂ ಚಿಕ್ಕದು ಅದಕ್ಕಿಂತ ಹಿಂದಿನ ತುಘಲಕರ ಕಾಲದ್ದೆಂದೂ ನಿರ್ಣಯಿಸಿದ್ದಾರೆ. ಎಂದರೆ ಮೊಮ್ಮಗಳೇ ಅಜ್ಜಿಗಿಂತ ಹಿರಿಯಳು! ವ್ಯಕ್ತಿಗಳನ್ನು ಮರೆತ ಜನಮನ ಗಾತ್ರವನ್ನು ನೋಡಿ ಒಂದು ಸಂಬಂಧವನ್ನು ಕಟ್ಟಿಕೊಂಡಿತು. ನೆನಪನ್ನು ನೋಡಿಕೊಳ್ಳುವವರಿಲ್ಲದೆಡೆ ಅದು ಬರಿದಾಗಿ ಇರುವುದಿಲ್ಲ. ತನಗೆ ತೋಚಿದುದನ್ನು ತುಂಬಿಕೊಳ್ಳುತ್ತದೆ.

ಇನ್ನು ಬರವಣಿಗೆ. ಫಿರೋಜನು ತನ್ನ ಕಾರ್ಯಗಳ ನಿರೂಪಣೆಯನ್ನು ಫಿರೋಜಾಬಾದಿನ ಜುಮ್ಮಾ ಮಸೀದಿಯ ಗುಮ್ಮಟದ ಸುತ್ತ ಕಲ್ಲಿನಲ್ಲಿ ಕೆತ್ತಿಸಿದ್ದನೆಂದು ಅನಂತರದ ಇತಿಹಾಸಕಾರರು ಹೇಳುತ್ತಾರೆ. ಕಲ್ಲಿಗಿಂತ ಶಾಶ್ವತವಾದುದು ಯಾವುದು? ಆದರೂ ಆ ಕೆತ್ತನೆ ಇಂದು ಉಳಿದಿಲ್ಲ. ಉಳಿದಿರುವುದು ಲಿಪಿಕಾರರು ಮೇಲಿಂದ ಮೇಲೆ ಪ್ರತಿಮಾಡಿದ ಕಾಗದದ ಹಸ್ತಪ್ರತಿ. ಕಲ್ಲು ಅಳಿಯಿತು, ಕಾಗದ ಉಳಿಯಿತು. ಕಾಗದದ ಬೆನ್ನಿಗೆ ಅದನ್ನು ಮತ್ತೆ ಬರೆಯುವ ಕೈಗಳಿದ್ದುವು. ಆದುದರಿಂದ ಬರವಣಿಗೆಯೂ ತಾನೇ ತಾನಾಗಿ ಕಾಪಾಡುವುದಿಲ್ಲ. ಅದನ್ನೂ ಯಾರಾದರೂ ಕಾಪಾಡಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಸ್ಮರಣೀಯವಾದುದೆಲ್ಲ ಶ್ಲಾಘನೀಯವಲ್ಲ. ಕೆರೆಯ ಹೂಳೆತ್ತಿಸಿದ ಸಂಗತಿಯಿರುವ ಅದೇ ಗ್ರಂಥದಲ್ಲಿ ಫಿರೋಜನು ದೇವಾಲಯಗಳನ್ನು ಕೆಡವಿಸಿದುದನ್ನೂ, ಬೇರೆ ಮತಗಳವರನ್ನು ಶಿಕ್ಷಿಸಿದುದನ್ನೂ ಪುಣ್ಯಕಾರ್ಯಗಳೆಂದೇ ಬರೆದುಕೊಂಡಿದ್ದಾನೆ. ಚರಿತ್ರಕಾರನು ಎರಡನ್ನೂ ಓದಬೇಕು. ಒಂದನ್ನು ಹಿಡಿದು ಇನ್ನೊಂದನ್ನು ಮರೆಮಾಚಿದರೆ ಅದು ಸ್ಮರಣೆಯಲ್ಲ, ಸ್ತುತಿ ಅಥವಾ ನಿಂದೆ.

೪

ಪಾಲನೆಯೇ ಸ್ಮರಣೆಯ ಮೂಲವೆಂಬ ವಿಚಾರ ಕನ್ನಡ ನಾಡಿಗೆ ಹೊಸದಲ್ಲ. ನಮ್ಮ ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದ ಶ್ಲೋಕಗಳನ್ನು ಓದುಗರು ಬಲ್ಲರು. ತಾನು ಕೊಟ್ಟುದಾಗಲಿ ಪರರು ಕೊಟ್ಟುದಾಗಲಿ ಭೂಮಿಯನ್ನು ಅಪಹರಿಸಿದವನಿಗೆ ಬರುವ ಕೇಡನ್ನು ಅವು ಹೇಳುತ್ತವೆ. ಅವುಗಳೊಡನೆ ಇನ್ನೊಂದು ಶ್ಲೋಕವೂ ಮತ್ತೆ ಮತ್ತೆ ಬರುತ್ತದೆ. ದಾನ ಮತ್ತು ಪಾಲನೆ ಇವೆರಡರಲ್ಲಿ ಪಾಲನೆಯೇ ಹೆಚ್ಚಿನದು, ಕೊಟ್ಟವನಿಗೆ ಸ್ವರ್ಗ ದೊರೆತರೆ ಪಾಲಿಸಿದವನಿಗೆ ಅಚ್ಯುತಪದವೇ ದೊರೆಯುತ್ತದೆ ಎಂಬುದು ಅದರ ಅಭಿಪ್ರಾಯ. ನಾವು ಇದನ್ನು ಶಾಸನದ ಸಿದ್ಧಸೂತ್ರವೆಂದು ತಿಳಿದು ಹಾದುಹೋಗುತ್ತೇವೆ. ಆದರೆ ಕೀರ್ತಿಯನ್ನು ಅರಸುವ ದಾನಿಯೇ ತನ್ನ ಶಾಸನದಲ್ಲಿ ತನಗಿಂತ ಹಿರಿಯವನು ತನ್ನ ಅನಂತರ ಬರುವ ಪಾಲಕನೆಂದು ಕೆತ್ತಿಸುವುದು ಸಾಮಾನ್ಯವಾದ ಮಾತಲ್ಲ. ಅವನಿಗೆ ನೆನಪಿನ ಅರ್ಥಶಾಸ್ತ್ರ ಚೆನ್ನಾಗಿ ತಿಳಿದಿತ್ತು.

‘ಅರ್ಥಶಾಸ್ತ್ರ’ವೆಂಬ ಮಾತನ್ನು ವೃತ್ತಿಯ ಅಭ್ಯಾಸದಿಂದ ಬಳಸಿದೆನೆಂದು ವಾಚಕರು ಭಾವಿಸಬಾರದು. ಕೆರೆಯನ್ನು ಕಟ್ಟಿಸುವಾಗಲೇ ಅದರ ಪೋಷಣೆಗೆ ಆದಾಯವನ್ನು ಗೊತ್ತುಪಡಿಸುವ ಪದ್ಧತಿ ನಮ್ಮಲ್ಲಿತ್ತು. ‘ಬಿಟ್ಟುವಟ್ಟ’, ‘ಕಟ್ಟುಕೊಡಗೆ’, ‘ದಶವಂದ’ ಮುಂತಾದ ಶಾಸನಪದಗಳು ಇದಕ್ಕೆ ಸಾಕ್ಷಿ. ಕೆರೆಯ ಕೆಳಗಿನ ಗದ್ದೆಯ ಒಂದು ಭಾಗ, ಅಥವಾ ಬೆಳೆಯ ಒಂದು ಅಂಶ, ಏರಿಯನ್ನು ಭದ್ರಪಡಿಸುವುದಕ್ಕೂ ಹೂಳೆತ್ತುವುದಕ್ಕೂ ಮೀಸಲು. ದೇವಾಲಯಗಳಲ್ಲಿ ಗದ್ಯಾಣಗಳನ್ನು ಇಟ್ಟು ಅವುಗಳ ಬಡ್ಡಿಯಿಂದ ನಂದಾದೀಪ ನಡೆಸುವ ಅಕ್ಷಯನಿಧಿಗಳೂ ಇದೇ ಜಾತಿಯವು. ಮೂಲಧನ ಕರಗಕೂಡದು, ಪ್ರತಿವರ್ಷದ ಉತ್ಪತ್ತಿಯಿಂದ ಪ್ರತಿವರ್ಷದ ಸ್ಮರಣೆ ನಡೆಯಬೇಕು.

ಪಾಲನೆಯಿದ್ದರೆ ಅಲ್ಪವಾದುದೂ ಸ್ಮರಣೀಯವಾಗುತ್ತದೆಂಬುದಕ್ಕೆ ಶಕವರ್ಷ ೮೭೨ರ, ಅಂದರೆ ಕ್ರಿ.ಶ. ೯೪೯-೫೦ರ ಆತಕೂರು ಶಾಸನಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಗಂಗರ ಬೂತುಗನು ಬೇಕಾದುದನ್ನು ಕೇಳೆಂದಾಗ, ಅವನು ಕೇಳಿದುದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿ ಒಂದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತುವು. ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆಂಬ ಕಟ್ಟಳೆಯನ್ನೂ ಶಾಸನದಲ್ಲಿಯೇ ಸೇರಿಸಿದರು. ಕಲ್ಲು, ಕಲ್ಲಿಗೊಂದು ಆದಾಯ, ಆದಾಯಕ್ಕೊಬ್ಬ ಹೊಣೆಗಾರ: ಈ ಮೂರೂ ಸೇರಿದ್ದರಿಂದ ಸಾವಿರ ವರ್ಷಗಳ ಹಿಂದಿನ ಒಂದು ನಾಯಿಯ ಹೆಸರು ನಮಗೆ ಗೊತ್ತಿದೆ. ಅದೇ ಕಾಲದ ಎಷ್ಟು ಮಂದಿ ಮಂಡಲೇಶ್ವರರ ಹೆಸರು ಗೊತ್ತಿಲ್ಲವೆಂಬುದಕ್ಕೆ ಲೆಕ್ಕವಿಲ್ಲ. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಕೆರೆಗಳ ವಿಷಯಕ್ಕೆ ಮರಳೋಣ. ಫಿರೋಜನು ದಿಲ್ಲಿಯಲ್ಲಿ ಆಳುತ್ತಿದ್ದ ಕಾಲದಲ್ಲಿಯೇ, ೧೩೬೯ರಲ್ಲಿ, ವಿಜಯನಗರದ ಮೊದಲನೆಯ ಬುಕ್ಕನ ಮಗ ಭಾಸ್ಕರ ಭವದೂರನು ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕೆರೆಯೊಂದನ್ನು ಕಟ್ಟಿಸಿದನು. ಅಲ್ಲಿಯ ಸಂಸ್ಕೃತ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಹೇಳಿ, ಸಾವಿರ ಆಳುಗಳು ಎರಡು ವರ್ಷ ದುಡಿದರೆಂಬ ಲೆಕ್ಕವನ್ನೂ ಕೊಡುತ್ತದೆ. ಮುಂದಿನವರು ಕೆರೆಯನ್ನು ನೋಡಿಕೊಳ್ಳಬೇಕಾದರೆ ಅದು ಹೇಗೆ ಕಟ್ಟಲ್ಪಟ್ಟಿತೆಂಬುದು ಅವರಿಗೆ ತಿಳಿದಿರಬೇಕು. ಆದುದರಿಂದ ಅದನ್ನು ಪ್ರಶಸ್ತಿಯೆಂದು ಓದುವುದರ ಜೊತೆಗೆ ಪಾಲಕನಿಗೆ ಬಿಟ್ಟುಹೋದ ಸೂಚನಾಪತ್ರವೆಂದೂ ಓದಬಹುದು.

ತಾಳಗುಂದದ ಸಂಗತಿ ಇನ್ನೂ ವಿಶೇಷವಾದುದು. ಕದಂಬ ಕಾಕುಸ್ಥವರ್ಮನು ಅಲ್ಲಿಯ ದೇವಾಲಯಕ್ಕೆಂದು ಕೆರೆಯೊಂದನ್ನು ತೋಡಿಸಿದನು. ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಆ ಸಂದರ್ಭವನ್ನು ಹಿಡಿದು ಸ್ತಂಭದ ಮೇಲೆ ಕಾವ್ಯವೊಂದನ್ನು ರಚಿಸಿ ಕೆತ್ತಿದನು. ಮಯೂರಶರ್ಮನು ಕಂಚಿಗೆ ಹೋದುದೂ, ಅಲ್ಲಿ ಅವಮಾನಿತನಾಗಿ ಕತ್ತಿ ಹಿಡಿದುದೂ, ಕನ್ನಡ ನಾಡಿನ ಮೊದಲ ರಾಜವಂಶವೊಂದರ ಉದಯವೂ ನಮಗೆ ತಿಳಿದಿರುವುದು ಬಹುಮಟ್ಟಿಗೆ ಆ ಶಾಸನದಿಂದ. ಒಂದು ಕೆರೆಯ ನೆಪದಿಂದ ಒಂದು ರಾಜ್ಯದ ಹುಟ್ಟೇ ಸ್ಮರಣೆಯಲ್ಲಿ ಉಳಿಯಿತು.

ಕಲ್ಲಿನ ಆಶ್ರಯವಿಲ್ಲದೆ ಕಂಠದ ಆಶ್ರಯದಿಂದಲೇ ಉಳಿದ ನೆನಪುಗಳೂ ಇವೆ. ಚನ್ನಗಿರಿಯ ಬಳಿಯ ಸೂಳೆಕೆರೆಯನ್ನು ಶಾಂತವ್ವೆಯ ಹೆಸರಿನೊಡನೆ ಜನರು ಸೇರಿಸಿ ಹೇಳುತ್ತಾರೆ. ಶಾಂತಿಸಾಗರವೆಂಬ ಹೆಸರಿನಲ್ಲಿ ಅವಳ ನೆನಪಿದೆಯೆಂದು ಐತಿಹ್ಯ. ‘ಕೆರೆಗೆ ಹಾರ’ ಎಂಬ ಹಾಡಿನ ಭಾಗೀರಥಿಯನ್ನು ಅರಿಯದ ಕನ್ನಡಿಗರು ವಿರಳ. ಸುಲ್ತಾನನ ಹೆಸರು ಅವನ ಕೆರೆಯಿಂದ ಇಪ್ಪತ್ತು ವರ್ಷಗಳಲ್ಲಿ ಜಾರತೊಡಗಿತು. ಕಿರಿಯ ಸೊಸೆಯ ಹೆಸರು ತಲೆಮಾರುಗಳಿಂದ ಜಾರಿಲ್ಲ. ಬೀಸುವಾಗ, ಕುಟ್ಟುವಾಗ, ಹೆಂಗಸರು ಅದನ್ನು ಹಾಡಿಕೊಂಡು ಬಂದರು. ಹಾಡುವುದೂ ಒಂದು ಬಗೆಯ ಹೂಳೆತ್ತುವಿಕೆಯೇ.

ದ್ವಾರಸಮುದ್ರದ ಮಾತಿನಿಂದ ಈ ಭಾಗವನ್ನು ಮುಗಿಸಬಹುದು. ಹೊಯ್ಸಳರ ರಾಜಧಾನಿಯ ಹೆಸರಿನಲ್ಲಿ ‘ಸಮುದ್ರ’ವೆಂಬುದು ಕೆರೆಯ ವಾಚಕ. ದಿಲ್ಲಿಯ ದಂಡಯಾತ್ರೆಗಳ ಅನಂತರ ನಗರ ಹಾಳಾಯಿತು. ಊರಿಗೆ ಹಳೇಬೀಡೆಂಬ ಹೆಸರು ಬಂತು. ಆದರೆ ಹೊಯ್ಸಳೇಶ್ವರ ದೇವಾಲಯದ ಸಮೀಪದ ಕೆರೆಗೆ ಇಂದಿಗೂ ದ್ವಾರಸಮುದ್ರವೆಂದೇ ಹೆಸರು. ರಾಜಧಾನಿ ಕಳೆದುಕೊಂಡ ಹೆಸರನ್ನು ಕೆರೆ ಉಳಿಸಿಕೊಂಡಿತು. ಅರಸು ಹೋದ ಮೇಲೆಯೂ ರೈತರಿಗೆ ನೀರು ಬೇಕಾಗಿತ್ತು. ದಾಳಿ ಮಾಡಿಸಿದವನ ಕೆರೆ ದಿಲ್ಲಿಯಲ್ಲಿ ಹೂಳು ತುಂಬುತ್ತಿದ್ದಾಗ, ದಾಳಿಗೊಳಗಾದವನ ಕೆರೆ ತನ್ನ ಹೆಸರನ್ನು ಹೊತ್ತು ಗದ್ದೆಗಳಿಗೆ ನೀರುಣಿಸುತ್ತಿತ್ತು. ಗೆಲವು ಸೋಲುಗಳ ಲೆಕ್ಕ ಬೇರೆ, ನೆನಪಿನ ಲೆಕ್ಕ ಬೇರೆ.

೫

ಇಲ್ಲಿ ಒಂದು ಆಕ್ಷೇಪ ಬರಬಹುದು. ಯಾರೂ ಪಾಲಿಸದೆ, ಶತಮಾನಗಳ ಕಾಲ ಮರೆವಿನಲ್ಲಿದ್ದು, ಅನಂತರ ಬೆಳಕಿಗೆ ಬಂದ ಸಂಗತಿಗಳಿಲ್ಲವೆ? ಅಶೋಕನಿಗಿಂತ ದೊಡ್ಡ ಉದಾಹರಣೆ ಬೇಕೆ? ಅವನ ಶಾಸನಗಳನ್ನು ಓದಬಲ್ಲವರೇ ಇಲ್ಲದೆ ಹೋಗಿದ್ದರು. ಆದರೂ ಇಂದು ಅವನು ಭಾರತದ ಚರಿತ್ರೆಯಲ್ಲಿ ಅಗ್ರಗಣ್ಯನಾಗಿದ್ದಾನಲ್ಲ?

ಆಕ್ಷೇಪ ನ್ಯಾಯವಾದುದೇ. ಆದರೆ ಇದಕ್ಕೆ ಸಮಾಧಾನವೂ ಫಿರೋಜನ ಚರಿತ್ರೆಯಲ್ಲಿಯೇ ಇದೆ. ಅಶೋಕನ ಎರಡು ಸ್ತಂಭಗಳನ್ನು ಟೋಪ್ರಾ ಮತ್ತು ಮೀರತ್ತುಗಳಿಂದ ದಿಲ್ಲಿಗೆ ತರಿಸಿದವನು ಅವನೇ. ಟೋಪ್ರಾದ ಸ್ತಂಭವನ್ನು ಸಾಗಿಸಿದ ರೀತಿಯನ್ನು ಶಂಸ್-ಎ-ಸಿರಾಜ್ ಅಫೀಫನು ವಿವರವಾಗಿ ಬರೆದಿದ್ದಾನೆ. ಕಂಬವು ಬಿದ್ದು ಒಡೆಯದಂತೆ ಅಡಿಯಲ್ಲಿ ಬೂರುಗದ ಹತ್ತಿಯನ್ನು ಹಾಸಿದರು. ಜೊಂಡು ಮತ್ತು ಚರ್ಮಗಳಿಂದ ಸುತ್ತಿದರು. ಬಹು ಗಾಲಿಗಳ ಬಂಡಿಯಲ್ಲಿ ಯಮುನಾ ತೀರಕ್ಕೆ ಎಳೆದು ದೋಣಿಗಳಲ್ಲಿ ಸಾಗಿಸಿದರು. ಅದರ ಮೇಲಿದ್ದ ಬರಹವನ್ನು ಓದಲು ಪಂಡಿತರನ್ನು ಕರೆಸಿದರೂ ಯಾರಿಗೂ ಓದಲಾಗಲಿಲ್ಲ. ಏನು ಬರೆದಿದೆಯೆಂದು ತಿಳಿಯದೆಯೇ ಫಿರೋಜನು ಅದನ್ನು ಹತ್ತಿಯಲ್ಲಿಟ್ಟು ಕಾಪಾಡಿದನು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪನು ಆ ಲಿಪಿಯನ್ನು ಓದಿದಾಗ ಓದಲು ಕಂಬವಿತ್ತು.

ಆ ಕಂಬದ ಏಳನೆಯ ಶಾಸನದಲ್ಲಿ ಅಶೋಕನು ತನ್ನ ಧರ್ಮಕಾರ್ಯ ಮಕ್ಕಳು ಮರಿಮಕ್ಕಳವರೆಗೂ, ಸೂರ್ಯಚಂದ್ರರಿರುವವರೆಗೂ ನಡೆಯಲೆಂದು ಆಶಿಸಿದ್ದಾನೆ. ‘ಆಚಂದ್ರಾರ್ಕ’ವೆಂಬ ನಮ್ಮ ಶಾಸನಗಳ ಮಾತಿಗೆ ಎಷ್ಟು ಹಳೆಯ ಪೂರ್ವಜ! ಆದರೆ ದಿಲ್ಲಿಯ ಕಂಬಗಳಲ್ಲಿರುವುದು ದೇವಾನಾಂಪ್ರಿಯ ಪ್ರಿಯದರ್ಶಿಯೆಂಬ ಬಿರುದು ಮಾತ್ರ. ಸಿಂಹಳದ ಗ್ರಂಥಗಳ ನೆರವಿನಿಂದ ಅವನೇ ಅಶೋಕನೆಂದು ವಿದ್ವಾಂಸರು ಊಹಿಸಿದ್ದರು. ಅಶೋಕನೆಂಬ ಹೆಸರೇ ಇರುವ ಶಾಸನ ೧೯೧೫ರಲ್ಲಿ ಸಿಕ್ಕಿತು. ಸಿಕ್ಕಿದುದು ಕನ್ನಡ ನಾಡಿನ ರಾಯಚೂರು ಸೀಮೆಯ ಮಸ್ಕಿಯಲ್ಲಿ. ಅನಂತರ ಬಳ್ಳಾರಿಯ ಕಡೆಯ ನಿಟ್ಟೂರು, ಉದೆಗೊಳಗಳಲ್ಲಿಯೂ ಆ ಹೆಸರು ದೊರೆಯಿತು. ದಿಲ್ಲಿಯ ಕಂಬ ಹೇಳದೆ ಉಳಿಸಿದುದನ್ನು ಮಸ್ಕಿಯ ಬಂಡೆ ಹೇಳಿತು.

ಬ್ಯಾಂಕಿನ ವ್ಯವಹಾರದಲ್ಲಿ ಒಂದು ನಿಯಮವುಂಟು. ಹತ್ತು ವರ್ಷಗಳ ಕಾಲ ಯಾರೂ ಕೇಳದೆ ಬಿದ್ದ ಠೇವಣಿಯನ್ನು ರಿಸರ್ವ್ ಬ್ಯಾಂಕಿನ ನಿಧಿಯೊಂದಕ್ಕೆ ವರ್ಗಾಯಿಸಬೇಕೆಂದು ೨೦೧೪ರಲ್ಲಿ ಗೊತ್ತುಮಾಡಲಾಯಿತು. ಆದರೆ ಅದರಿಂದ ಠೇವಣಿದಾರನ ಹಕ್ಕು ನಾಶವಾಗುವುದಿಲ್ಲ. ಅವನಾಗಲಿ ಅವನ ಉತ್ತರಾಧಿಕಾರಿಯಾಗಲಿ ದಾಖಲೆಯೊಡನೆ ಬಂದು ಕೇಳಿದರೆ ಹಣ ಮರಳಿ ಸಿಗುತ್ತದೆ. ಕಾಗದ ಉಳಿದಿರಬೇಕು, ಅಷ್ಟೆ. ಮರೆವು ಬೇರೆ, ನಾಶ ಬೇರೆ. ಮರೆತುದನ್ನು ಮತ್ತೆ ಕೇಳಿ ಪಡೆಯಬಹುದು, ಕುರುಹೊಂದನ್ನು ಯಾರಾದರೂ ಜೋಪಾನಮಾಡಿದ್ದರೆ. ಓದಲಾರದವನು ಕೂಡ ಪಾಲಕನಾಗಬಲ್ಲನೆಂಬುದೇ ಫಿರೋಜನ ಕಂಬದಿಂದ ನಾವು ಕಲಿಯಬೇಕಾದ ಪಾಠ.

೬

ತೈಮೂರನು ಬರುವ ಸುದ್ದಿ ಹಬ್ಬಿದಾಗ ದಿಲ್ಲಿಯನ್ನು ಬಿಟ್ಟು ಹೊರಟವರಲ್ಲಿ ಖ್ವಾಜಾ ಬಂದೇ ನವಾಜ್ ಗೇಸುದರಾಜರೂ ಒಬ್ಬರು. ಆಗಲೇ ವಯೋವೃದ್ಧರಾಗಿದ್ದ ಅವರು ದಕ್ಷಿಣಕ್ಕೆ ನಡೆದು ೧೪೦೦ರ ಸುಮಾರಿಗೆ ಕಲಬುರಗಿಯನ್ನು ಸೇರಿ, ೧೪೨೨ರಲ್ಲಿ ಅಲ್ಲಿಯೇ ದೇಹಬಿಟ್ಟರು. ದಿಲ್ಲಿ ಕಳೆದುಕೊಂಡವರನ್ನು ಕನ್ನಡ ನಾಡು ಉಳಿಸಿಕೊಂಡಿತು. ಇಂದಿಗೂ ವರ್ಷಕ್ಕೊಮ್ಮೆ ಉರುಸಿನ ದಿನ ಸಕಲ ಮತಗಳ ಜನರೂ ಅಲ್ಲಿ ನೆರೆಯುತ್ತಾರೆ. ವಲಸೆ ಬಂದವನ ನೆನಪು ಬಂದ ನೆಲದಲ್ಲಿ ಆರು ನೂರು ವರ್ಷ ಬಾಳಬಲ್ಲುದೆಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಡ.

ನಾವು ಅದೇ ದಾರಿಯನ್ನು ಎದುರು ದಿಕ್ಕಿನಲ್ಲಿ ನಡೆದು ಬಂದವರು. ಸಚಿವಾಲಯಗಳಲ್ಲಿ, ವಿಶ್ವವಿದ್ಯಾನಿಲಯಗಳಲ್ಲಿ, ಪತ್ರಿಕಾಲಯಗಳಲ್ಲಿ, ಬ್ಯಾಂಕುಗಳಲ್ಲಿ, ಉಪಾಹಾರಗೃಹಗಳಲ್ಲಿ ದುಡಿದ ಕನ್ನಡಿಗರ ಹಲವು ತಲೆಮಾರುಗಳು ಈ ನಗರದಲ್ಲಿ ಕಳೆದಿವೆ. ಅವರು ಕಟ್ಟಿದ ಸಂಘಗಳು, ಆಡಿದ ನಾಟಕಗಳು, ನಡೆಸಿದ ಪಾಠಗಳು ಅನೇಕ. ಇವೆಲ್ಲ ಸ್ಮರಣೀಯವೆಂದು ನಾವು ಪ್ರತಿವರ್ಷ ಭಾಷಣಗಳಲ್ಲಿ ಹೇಳುತ್ತೇವೆ. ಆದರೆ ಮೊದಲ ತಲೆಮಾರಿನವರ ನಡಾವಳಿ ಪುಸ್ತಕಗಳು ಎಲ್ಲಿವ? ನಾಟಕದ ಕರಪತ್ರಗಳು, ಛಾಯಾಚಿತ್ರಗಳು, ಊರಿನಿಂದ ಬಂದ ಕಾಗದಗಳು ಯಾರ ಅಟ್ಟದ ಮೇಲಿವೆ? ನಿವೃತ್ತರಾದವರು ಊರಿಗೆ ಮರಳುವಾಗ, ಮನೆ ಬದಲಾಯಿಸುವಾಗ, ಹಿರಿಯರು ತೀರಿಕೊಂಡಾಗ, ಮೊದಲು ಹಳೆಯ ಕಾಗದದವನ ತಕ್ಕಡಿಗೆ ಬೀಳುವುದು ಇವೇ.

ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಮಾತು ಬಂದರೂ ಅಕ್ಷರ ಬಾರದು. ಇದನ್ನು ಕುರಿತು ನಾವು ವ್ಯಥೆಪಡುತ್ತೇವೆ, ವ್ಯಥೆ ಸಹಜ. ಆದರೆ ಓದಲು ಬಾರದವರಿಗೆ ಈ ಕಾಗದಗಳಿಂದೇನು ಎಂದು ನಿರ್ಧರಿಸುವ ಮೊದಲು ಹತ್ತಿಯಲ್ಲಿ ಸುತ್ತಿದ ಆ ಕಂಬವನ್ನು ನೆನೆಯಬೇಕು. ಅಕ್ಷರ ಕಲಿಸುವ ಪ್ರಯತ್ನ ನಡೆಯಲಿ. ಅದರೊಡನೆ, ಕಲಿಯದವರ ಕೈಗೂ ಪೆಟ್ಟಿಗೆಯನ್ನು ಒಪ್ಪಿಸಿ, ಇದು ಬೆಲೆಯುಳ್ಳದ್ದೆಂದು ಹೇಳುವುದು ನಮ್ಮ ಕರ್ತವ್ಯ. ಓದುವವನು ಅವರ ಮಕ್ಕಳಲ್ಲಿ ಹುಟ್ಟಬಹುದು, ಅಥವಾ ಬೇರೆಲ್ಲಿಯೋ ಹುಟ್ಟಿ ಬರಬಹುದು.

ಕಾರ್ಯರೂಪದಲ್ಲಿ ಹೇಳುವುದಾದರೆ ಆತಕೂರಿನ ಮಾದರಿಯೇ ಸಾಕು. ಮೊದಲನೆಯದು ಕಲ್ಲು: ಮನೆಗಳಲ್ಲಿ ಚದುರಿರುವ ದಾಖಲೆಗಳನ್ನು ಒಂದೆಡೆ ತರುವುದು, ಹಿರಿಯರ ಬಾಯಿಂದ ಅವರ ಅನುಭವಗಳನ್ನು ಬರೆದುಕೊಳ್ಳುವುದು. ಎರಡನೆಯದು ಭೂಮಿ: ಉತ್ಸವಗಳಿಗೆ ಕೂಡಿಸುವ ಹಣದಲ್ಲಿ ದಶವಂದದಷ್ಟನ್ನು ಮೀಸಲಿಟ್ಟು, ಮೂಲವನ್ನು ಮುಟ್ಟದೆ ಬಡ್ಡಿಯಿಂದ ನಡೆಯುವ ಚಿಕ್ಕ ನಿಧಿಯೊಂದನ್ನು ಸ್ಥಾಪಿಸುವುದು. ಮೂರನೆಯದು ಗೊರವ: ‘ಎಲ್ಲರೂ ನೋಡಿಕೊಳ್ಳುತ್ತಾರೆ’ ಎಂದು ಬಿಡದೆ, ಹೆಸರು ಹಿಡಿದು ಒಬ್ಬರನ್ನು ಹೊಣೆಮಾಡಿ, ಅವರು ಕೆಲಸ ಬಿಟ್ಟಾಗ ಇನ್ನೊಬ್ಬರಿಗೆ ಪಟ್ಟಿಯೊಡನೆ ಒಪ್ಪಿಸುವುದು. ಮೂರರಲ್ಲಿ ಕಠಿನವಾದುದು ಕೊನೆಯದು. ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಗೋಡೆಯ ಮೇಲೆ ಅವರ ಹೆಸರು ಬರೆಯಬಹುದು. ಹೂಳೆತ್ತುವವನ ಹೆಸರನ್ನು ಬರೆಯಲು ಗೋಡೆಯಿಲ್ಲ.

ಆದರೂ ಚರಿತ್ರೆ ಅಂಥವನನ್ನು ಪೂರ್ಣವಾಗಿ ಮರೆಯುವುದಿಲ್ಲ. ಫಿರೋಜನ ಗೋರಿಯ ಬಾಗಿಲ ಮೇಲಿನ ಬರಹದಿಂದ, ಅದು ಶಿಥಿಲವಾಗಿದ್ದಾಗ ಸಿಕಂದರ್ ಲೋದಿಯು ಹಿಜರಿ ೯೧೩ರಲ್ಲಿ, ಅಂದರೆ ಕ್ರಿ.ಶ. ೧೫೦೭-೦೮ರಲ್ಲಿ, ಜೀರ್ಣೋದ್ಧಾರ ಮಾಡಿಸಿದನೆಂದು ತಿಳಿಯುತ್ತದೆ. ಪರರ ಕಟ್ಟಡಗಳನ್ನು ಉದ್ಧರಿಸಿದವನ ಗೋರಿಯನ್ನು, ಬೇರೆ ವಂಶದ ಅರಸನೊಬ್ಬನು, ನೂರಿಪ್ಪತ್ತು ವರ್ಷಗಳ ಅನಂತರ ಉದ್ಧರಿಸಿದನು. ಮುಂದೆ ಕೆರೆ ಮತ್ತೆ ಬತ್ತಿತು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ, ಶುದ್ಧೀಕರಿಸಿದ ಕೊಳಚೆನೀರನ್ನು ಹಾಯಿಸಿ ಅದರ ಒಂದು ಭಾಗವನ್ನು ಮತ್ತೆ ತುಂಬಿಸಲಾಯಿತು. ಏಳು ಶತಮಾನಗಳಲ್ಲಿ ಆ ಕೆರೆ ಸ್ಮರಣೀಯವಾಗಿ ಉಳಿದಿರುವುದು ಒಮ್ಮೆ ತೋಡಲ್ಪಟ್ಟಿತೆಂಬುದರಿಂದಲ್ಲ, ಮತ್ತೆ ಮತ್ತೆ ತೋಡಲ್ಪಟ್ಟಿತೆಂಬುದರಿಂದ. ನಮ್ಮ ಪಾಲಿನ ಹೂಳು ನಮ್ಮ ಮುಂದಿದೆ.